ಮನೆಯಲ್ಲಿ ಹಣ್ಣಿನ ಲಿಕ್ಯೂರ್ ಮಾಡುವುದು ಹೇಗೆ? ವೈನ್ ಥರ ಈಸ್ಟ್ ಹಾಕಬೇಕಾ?

ಮಡಿಕೇರಿಗೆ ಬಂದಾಗ ಕುಡಿದ ಪ್ಯಾಷನ್ ಫ್ರೂಟ್ ವೈನ್ ಇಷ್ಟವಾಯಿತು, ಈಗ ಮನೆಯಲ್ಲೇ ಲಿಕ್ಯೂರ್ ಮಾಡಬೇಕು, ಈಸ್ಟ್ ಎಷ್ಟು ಹಾಕಲಿ, ಎಷ್ಟು ದಿನ ಇಡಲಿ ಅಂತ ಕೇಳಿದ್ದೀರಿ. ಈಸ್ಟ್ ಬೇಡವೇ ಬೇಡ. ಲಿಕ್ಯೂರ್ ಅಂದರೆ ವೋಡ್ಕಾ, ರಮ್ ಥರದ ಮದ್ಯದಲ್ಲಿ ಹಣ್ಣು ನೆನೆಸಿ, ಸಕ್ಕರೆ ಪಾಕ ಸೇರಿಸಿದ ಸಿಹಿ ಪಾನೀಯ. ನಮ್ಮ ಕೊಡಗಿನಲ್ಲಿ ಮನೆಮನೆಯಲ್ಲೂ ವೈನ್ ಹಾಕುವುದರಿಂದ ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ವೈನ್‌ನಲ್ಲಿ ಈಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಗ್ಯಾಸ್ ಬಿಡುತ್ತದೆ. ಅದಕ್ಕೇ ಭರಣಿಯ ಬಾಯಿ ಬಿಗಿಯುವಂತಿಲ್ಲ. ಲಿಕ್ಯೂರ್‌ಗೆ ಆಲ್ಕೋಹಾಲ್ ಅಂಗಡಿಯಿಂದಲೇ ಬಂದಿರುತ್ತದೆ. ಹಣ್ಣು ಕೊಡಬೇಕಾದ್ದು ಪರಿಮಳ, ಬಣ್ಣ, ಹುಳಿ ಅಷ್ಟೇ. ಮುಚ್ಚಳ ಗಟ್ಟಿಯಾಗಿ ಹಾಕಿಡಿ.

ಮೊದಲ ಸಲಕ್ಕೆ ಪ್ಯಾಷನ್ ಫ್ರೂಟ್ ಬಿಟ್ಟು ಕಿತ್ತಳೆ ಮಾಡಿ ಅಂತೀನಿ. ಅದೂ ಕೊಡಗಿನ ಕಿತ್ತಳೆ. ಸಿಪ್ಪೆ ತೆಳು, ತೊಳೆಗೆ ಅಂಟಿಕೊಂಡಿರುತ್ತದೆ, ಬಣ್ಣ ಹಸಿರು ಕಲೆತ ಹಳದಿ. ನೋಡಲು ಅಷ್ಟೇನೂ ಚೆಂದವಿಲ್ಲ. ರಸ್ತೆ ಬದಿಯಲ್ಲಿ ಕೊಡಗಿನದ್ದು ಅಂತ ಹೇಳಿ, ದಪ್ಪಗೆ ಕೆಂಪಗಿರುವ, ಸಿಪ್ಪೆ ಸಡಿಲವಾಗಿರುವ ಹಣ್ಣು ಕೊಟ್ಟರೆ ಅದು ನಾಗಪುರದ್ದಿರಬಹುದು. ಅದರಲ್ಲೂ ಲಿಕ್ಯೂರ್ ಆಗುತ್ತದೆ, ಆದರೆ ನಮ್ಮ ಹಣ್ಣಿನ ಆ ಚುರುಕು ವಾಸನೆ ಬರುವುದಿಲ್ಲ.

ಇಲ್ಲಿ ಬೇಕಾದ್ದು ಸಿಪ್ಪೆ ಮಾತ್ರ. ಕಿತ್ತಳೆಯ ಪರಿಮಳವೆಲ್ಲ ಹೊರಸಿಪ್ಪೆಯ ಎಣ್ಣೆಯಲ್ಲಿದೆ. ಆ ಎಣ್ಣೆ ನೀರಿಗೆ ಬಿಡುವುದಿಲ್ಲ, ಆಲ್ಕೋಹಾಲಿಗೆ ಬಿಡುತ್ತದೆ. ಎಂಟು ಹಣ್ಣುಗಳನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಒರೆಸಿ, ಹರಿತ ಚಾಕುವಿನಿಂದ ಮೇಲಿನ ಬಣ್ಣದ ಪದರ ಮಾತ್ರ ಹೆರೆದುಕೊಳ್ಳಿ. ಕೆಳಗಿನ ಬಿಳಿ ಭಾಗ ಬಂದರೆ ಕಹಿ. ನಮ್ಮ ಹಣ್ಣಿನ ಸಿಪ್ಪೆ ತೆಳುವಾದ್ದರಿಂದ ಇದಕ್ಕೆ ಸ್ವಲ್ಪ ತಾಳ್ಮೆ ಬೇಕು, ಅವಸರ ಮಾಡಬೇಡಿ. ತೊಳೆಗಳನ್ನು ಮಕ್ಕಳಿಗೆ ಕೊಡಿ.

ಗಾಜಿನ ಜಾಡಿಗೆ ಸಿಪ್ಪೆ ಹಾಕಿ, ಮೇಲೆ 750 ಮಿಲಿ ವೋಡ್ಕಾ ಸುರಿದು, ಬಿಸಿಲು ತಾಗದ ಕಡೆ ಇಡಿ. ದಿನಕ್ಕೊಮ್ಮೆ ಅಲುಗಾಡಿಸಿ. ಐದನೇ ದಿನದಿಂದ ಒಂದು ಚಮಚ ತೆಗೆದು ರುಚಿ ನೋಡುತ್ತಾ ಹೋಗಿ, ಸಿಪ್ಪೆ ಬಿಳಿಚಿಕೊಂಡು ಗರಿಗರಿಯಾದರೆ ಅದರ ಕೆಲಸ ಮುಗಿದಂತೆ. ಸೋಸಿ. 300 ಗ್ರಾಂ ಸಕ್ಕರೆಯನ್ನು 300 ಮಿಲಿ ನೀರಲ್ಲಿ ಕರಗಿಸಿ, ಪೂರ್ತಿ ಆರಿದ ಮೇಲೆ ಸೇರಿಸಿ. ವೋಡ್ಕಾವನ್ನು ಯಾವ ಕಾರಣಕ್ಕೂ ಒಲೆ ಹತ್ತಿರ ತರಬೇಡಿ, ಅದರ ಆವಿಗೆ ಬೆಂಕಿ ಹತ್ತುತ್ತದೆ. ಪಾಕ ಬೆರೆಸಿದಾಗ ತಿಳಿಯಾಗಿದ್ದದ್ದು ಮಬ್ಬಾದರೆ ಗಾಬರಿ ಬೇಡ. ನೀರಿನ ಅಂಶ ಹೆಚ್ಚಾಗಿ ಎಣ್ಣೆ ಹೊರಗೆ ಬಂದಿದೆ, ಕೆಟ್ಟಿದ್ದಲ್ಲ. ಕುಡಿಯುವ ಮುಂಚೆ ಎರಡು ವಾರ ಬಿಡಿ, ಘಾಟು ಇಳಿಯುತ್ತದೆ.

ಇಲ್ಲೊಂದು ಲೆಕ್ಕ ಇಟ್ಟುಕೊಳ್ಳಿ. ನಮ್ಮಲ್ಲಿ ಸಿಗುವ ವೋಡ್ಕಾ, ರಮ್, ಬ್ರಾಂದಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್. ಮೇಲಿನ ಅಳತೆಗೆ ಕೊನೆಯಲ್ಲಿ ಸುಮಾರು ಶೇ 26 ಉಳಿಯುತ್ತದೆ. ಅಷ್ಟಿದ್ದರೆ ಹೊರಗಿಟ್ಟರೂ ಕೆಡುವುದಿಲ್ಲ.

ಈಗ ನಿಮ್ಮ ಪ್ಯಾಷನ್ ಫ್ರೂಟ್. ಇದರಲ್ಲಿ ಸಿಪ್ಪೆ ಬಿಟ್ಟು ತಿರುಳು ಹಾಕಬೇಕು, ಅಂದರೆ ಹಣ್ಣಿನ ನೀರೂ ಒಳಗೆ ಬರುತ್ತದೆ. 500 ಮಿಲಿ ವೋಡ್ಕಾಗೆ 300 ಗ್ರಾಂ ತಿರುಳು, ಆಮೇಲೆ 200 ಮಿಲಿ ಪಾಕ ಸೇರಿದರೆ ಶೇ 22ರ ಹತ್ತಿರಕ್ಕೆ ಇಳಿಯುತ್ತದೆ. ಹಣ್ಣಿನ ರಸ ಸೇರಿರುವುದರಿಂದ ಫ್ರಿಜ್ಜಲ್ಲಿಟ್ಟರೆ ಒಳ್ಳೆಯದು. ಬೀಜ ಮಿಕ್ಸಿಗೆ ಹಾಕಬೇಡಿ, ಸುಮ್ನೆ ಚಮಚದಲ್ಲಿ ತೋಡಿ ಹಾಕಿ. ಒಂದು ವಾರ ಸಾಕು. ತಿರುಳು ಮೇಲೆ ತೇಲಿ ಗಾಳಿಗೆ ಬಿದ್ದರೆ ಬೂಷ್ಟು ಹಿಡಿಯಬಹುದು, ಅದಕ್ಕೆ ಜಾಡಿಯನ್ನು ಕುತ್ತಿಗೆವರೆಗೂ ತುಂಬಿಸಿ.

ಅನಾನಸ್‌ಗೆ ವೋಡ್ಕಾಕ್ಕಿಂತ ರಮ್ ಒಪ್ಪುತ್ತದೆ. ಬೆಟ್ಟದ ನೆಲ್ಲಿಕಾಯಿಗೆ ಬ್ರಾಂದಿ. ಕಾಯಿಯನ್ನು ಫೋರ್ಕಿನಿಂದ ಚುಚ್ಚಿ ಒಂದೆರಡು ತಿಂಗಳು ಮರೆತುಬಿಡಿ, ಒಗರು ಇರುತ್ತದೆ, ಆ ಒಗರೇ ಅದರ ರುಚಿ. ಪಂದಿ ಕರಿ ಊಟದ ಮೇಲೆ ಒಂದು ಪುಟ್ಟ ಲೋಟ ಇದ್ದರೆ ಬೇರೇನೂ ಬೇಡ ಅನ್ನೋದು ನನ್ನ ಅಭಿಪ್ರಾಯ. ಹಲಸು ಹಾಕಿದರೆ ಹಲಸು ಬಿಟ್ಟು ಇನ್ನೇನೂ ಉಳಿಯುವುದಿಲ್ಲ. ಬೆಣ್ಣೆಹಣ್ಣಿನ ಸಹವಾಸವೇ ಬೇಡ, ಬರೀ ಜಿಡ್ಡು. ಗಾಂಧಾರಿ ಮೆಣಸು ಒಂದೇ ಒಂದು, ಅದೂ ಒಂದು ದಿನಕ್ಕೆ ತೆಗೆದುಬಿಡಿ.

ಇನ್ನು, ಭಟ್ಟಿ ಇಳಿಸುವ ಯೋಚನೆ ಯಾರಾದರೂ ತಲೆಗೆ ತುಂಬಿದರೆ ಕೇಳಬೇಡಿ. ಲೈಸೆನ್ಸ್ ಇಲ್ಲದೆ ಅದು ಅಪರಾಧ, ಪ್ರಾಣಕ್ಕೂ ಅಪಾಯ. ಚೆನ್ನಾಗಿ ಬಂತು ಅಂತ ಹೋಂಸ್ಟೇ ಅತಿಥಿಗಳಿಗೆ ಬಾಟಲಿ ಮಾರುವುದಕ್ಕೂ ಅಬಕಾರಿ ಲೈಸೆನ್ಸ್ ಬೇಕು. ಸೋಸಿ ಉಳಿದ ಅನಾನಸ್ ಹೋಳು ಮಾತ್ರ ಎಸೆಯಬೇಡಿ, ಐಸ್‌ಕ್ರೀಮ್ ಮೇಲೆ ಹಾಕಿಕೊಳ್ಳಿ. ದೊಡ್ಡವರಿಗೆ ಮಾತ್ರ, ಅದರಲ್ಲಿ ರಮ್ ಹಾಗೇ ಕೂತಿರುತ್ತದೆ.