ಅಮೆರಿಕದ ಬೇರೆ ಬೇರೆ ರಾಜ್ಯಗಳ ನ್ಯಾಯಾಧೀಶರ ಸಂಬಳವನ್ನು ಸರಿಯಾಗಿ ಹೋಲಿಸುವುದು ಹೇಗೆ?

ನ್ಯಾಷನಲ್ ಸೆಂಟರ್ ಫಾರ್ ಸ್ಟೇಟ್ ಕೋರ್ಟ್ಸ್ ಸಂಸ್ಥೆಯ ಸಂಬಳ ಸಮೀಕ್ಷೆಯಿಂದ ಶುರುಮಾಡಿ. 50 ರಾಜ್ಯಗಳ ಅಂಕಿಗಳೂ ಅಲ್ಲಿ ಒಂದೇ ಕಡೆ ಸಿಗುತ್ತವೆ. ಹೋಲಿಕೆ ಒಂದೇ ಹಂತದ ಹುದ್ದೆಗಳ ನಡುವೆ ಇರಲಿ. ಹೆಸರು ನಂಬಿ ಎಡವುವವರೇ ಹೆಚ್ಚು: ನ್ಯೂಯಾರ್ಕ್‌ನಲ್ಲಿ ‘ಸುಪ್ರೀಂ ಕೋರ್ಟ್’ ಎಂದರೆ ಮುಖ್ಯವಾಗಿ ವಿಚಾರಣಾ ನ್ಯಾಯಾಲಯ, ರಾಜ್ಯದ ಅತ್ಯುನ್ನತ ಪೀಠ ‘ಕೋರ್ಟ್ ಆಫ್ ಅಪೀಲ್ಸ್’. ಟೆಕ್ಸಾಸ್‌ನಲ್ಲಿ ರಾಜ್ಯದ ಮೂಲ ಸಂಬಳದ ಮೇಲೆ ಕೌಂಟಿಗಳು (ನಮ್ಮ ಜಿಲ್ಲೆಗಳಂಥ ಸ್ಥಳೀಯ ಆಡಳಿತಗಳು) ಹೆಚ್ಚುವರಿ ಹಣ ಕೊಡುವುದುಂಟು. ಅದನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ.

ಆಮೇಲೆ ಸಂಬಳವನ್ನು ಜೀವನವೆಚ್ಚದ ಸೂಚ್ಯಂಕದಿಂದ (ದೇಶದ ಸರಾಸರಿ ಖರ್ಚನ್ನು 100 ಎಂದಿಟ್ಟು ಆ ರಾಜ್ಯದ ಖರ್ಚನ್ನು ತೋರಿಸುವ ಅಂಕಿ) ಭಾಗಿಸಿ 100ರಿಂದ ಗುಣಿಸಿ. ಸಂಬಳ 2,00,000 ಡಾಲರ್, ಸೂಚ್ಯಂಕ 125 ಎಂದಾದರೆ ನಿಜವಾದ ಬೆಲೆ 1,60,000 ಮಾತ್ರ. ಪ್ರತಿ ಅಂಕಿಯ ಪಕ್ಕದಲ್ಲೂ ಅದು ಜಾರಿಗೆ ಬಂದ ದಿನಾಂಕ ಬರೆದಿಡಿ. ಹಲವು ರಾಜ್ಯಗಳಲ್ಲಿ ಸಂಬಳ ಏರುವುದು ಜುಲೈ 1ಕ್ಕೆ, ಹೊಸ ಹಣಕಾಸು ವರ್ಷದ ಜೊತೆಗೆ.