'ಹಬೆ' ಮತ್ತು 'ಬಹುದು': ಒಂದು ಲೇಖನಕ್ಕೆ ಉತ್ತರ

ನಮಸ್ಕಾರ.

ವೇಪಿಂಗ್ (ಇ-ಸಿಗರೇಟು ಸೇದುವುದು) ಬಗ್ಗೆ ನೀವು ನಮ್ಮ ಪತ್ರಿಕೆಗೆ ಕಳಿಸಿದ ಲೇಖನ ಎರಡು ಸಲ ಓದಿದೆ. ಇ-ಸಿಗರೇಟಿನಿಂದ ಆಗುವ ಹಾನಿ, ಹಾನಿಯಾದವರಿಗೆ ಕಾನೂನಿನಲ್ಲಿರುವ ದಾರಿ, ಎರಡನ್ನೂ ಹೇಳಹೊರಟಿದ್ದೀರಿ. ಒಳ್ಳೆಯ ವಿಷಯ. ನಿಮ್ಮ ಚಿಕ್ಕಮ್ಮನ ಮಗನ ಕೆಮ್ಮಿಗೆ ಎಲ್ಲರೂ ಹಾಸ್ಟೆಲಿನ ಧೂಳೇ ಕಾರಣ ಅಂದುಕೊಂಡಿದ್ದು, ಆಮೇಲೆ ಅವನ ದಿಂಬಿನ ಕೆಳಗೆ ಮಾವಿನಹಣ್ಣಿನ ವಾಸನೆಯ ವೇಪ್ ಪೆನ್ನು ಸಿಕ್ಕಿದ್ದು, ಇದನ್ನು ಚೆನ್ನಾಗಿ ಬರೆದಿದ್ದೀರಿ. ಆದರೆ ಈಗಿರುವ ಹಾಗೆ ಇದನ್ನು ಹಾಕಲಾರೆ. ಎರಡು ಪದಗಳು ನನಗೆ ತುಂಬಾ ಕಿರಿಕಿರಿ ಮಾಡಿದವು.

ಮೊದಲನೆಯದು 'ಹಬೆ'. ಎಣಿಸಿದೆ, 11 ಸಲ ಬಂದಿದೆ. ನಿಮ್ಮ ಮೊದಲ ಸಾಲೇ "ನೀರಿನ ಹಬೆಯನ್ನು ಒಳಗೆಳೆದುಕೊಳ್ಳುವ ಹುಡುಗರು". ಕನ್ನಡದಲ್ಲಿ ಹಬೆ ಅಂದರೆ ಏನು ನೆನಪಾಗುತ್ತದೆ ಹೇಳಿ? ಇಡ್ಲಿ ಪಾತ್ರೆ. ಕಡುಬು. ನೆಗಡಿಯಾದಾಗ ತಲೆ ಮೇಲೆ ಟವೆಲ್ ಹೊದಿಸಿ ಅಮ್ಮ ಕೊಡಿಸುವ ಬಿಸಿನೀರಿನ ಹಬೆ. ಹಬೆ ನಮಗೆ ವಾಸಿ ಮಾಡುವ ವಸ್ತು. ಮಾರುವವರಿಗೆ ಬೇಕಾಗಿರುವುದೂ ಅದೇ, "ಬರೀ ಹಬೆ ಕಣೋ" ಅನ್ನುವ ಧೈರ್ಯ. ಆ ಮಾತನ್ನು ನೀವೇ ಅವರ ಕೈಗೆ ಕೊಟ್ಟುಬಿಟ್ಟಿದ್ದೀರಿ. ಪೆನ್ನಿನ ಒಳಗಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಪರಿಮಳದ ರಾಸಾಯನಿಕಗಳು. ಲೋಹದ ಸುರುಳಿ ಕಾದು ಅದನ್ನು ಸಣ್ಣ ಸಣ್ಣ ಹನಿಗಳಾಗಿ ಮಾಡುತ್ತದೆ. ನಿಕಲ್, ಸೀಸದಂಥ ಲೋಹದ ಅಂಶಗಳೂ ಅದರ ಜೊತೆ ಒಳಗೆ ಹೋಗುತ್ತವೆ. 'ರಾಸಾಯನಿಕದ ತುಂತುರು' ಅನ್ನಿ. ಕೇಳಲು ಚೆನ್ನಾಗಿಲ್ಲ, ಆದರೆ ಸರಿಯಾದ ಮಾತು.

ಇದೇ ಹಬೆ ಮೂರನೇ ಪ್ಯಾರಾದಲ್ಲಿ ಇನ್ನೂ ದೊಡ್ಡ ತಪ್ಪು ಮಾಡಿಸಿದೆ. "ಈ ಹಬೆಯಿಂದ ಪಾಪ್‌ಕಾರ್ನ್ ಲಂಗ್ ಬಂದು 2019ರಲ್ಲಿ ಅಮೆರಿಕದಲ್ಲಿ ಸಾವಿರಾರು ಜನ ಆಸ್ಪತ್ರೆ ಸೇರಿದರು." ಇಲ್ಲ. ಪಾಪ್‌ಕಾರ್ನ್ ಲಂಗ್ ಅನ್ನುವ ಶ್ವಾಸಕೋಶದ ಕಾಯಿಲೆಗೆ ಆ ಹೆಸರು ಬಂದದ್ದು ಅಮೆರಿಕದ ಮಿಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರಿಂದ, 2000ದ ಸುಮಾರಿಗೆ. ಬೆಣ್ಣೆಯ ರುಚಿ ಕೊಡುವ ಡೈಅಸಿಟೈಲ್ ಅವರ ಶ್ವಾಸಕೋಶ ಕೆಡಿಸಿತು. 2019ರ ಕಾಯಿಲೆ ಬೇರೆ, ಅದರ ಹೆಸರು ಇವಾಲಿ, ಅಂದರೆ ವೇಪಿಂಗಿನಿಂದ ಶ್ವಾಸಕೋಶಕ್ಕೆ ಆಗುವ ಹಾನಿ. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣಗಳು, 68 ಸಾವು. 51 ರೋಗಿಗಳ ಶ್ವಾಸಕೋಶದ ದ್ರವ ಪರೀಕ್ಷೆ ಮಾಡಿದಾಗ 48 ಜನರಲ್ಲಿ ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆಯಂಥ ವಸ್ತು ಸಿಕ್ಕಿತು. ಹೆಚ್ಚಿನವರು ಸೇದಿದ್ದು ಗಾಂಜಾದ ಮತ್ತೇರಿಸುವ ಅಂಶವಾದ ಟಿಎಚ್‌ಸಿ ಬೆರೆಸಿದ ಮಾಲು. ಹಾಗಂತ ನಿಕೋಟಿನ್ ಪೆನ್ನು ಸೇದಿದರೆ ಏನೂ ಆಗಲ್ಲ ಅಂತಲ್ಲ. ಆದರೆ ಎರಡು ಕಾಯಿಲೆ ಒಂದೇ ಮಾಡಿದರೆ, ಓದುವ ಹುಡುಗ ಆ ಒಂದು ತಪ್ಪು ಹಿಡಿದುಕೊಂಡು ಉಳಿದದ್ದೆಲ್ಲ ಸುಳ್ಳು ಅಂತಾನೆ.

ಎರಡನೆಯದು 'ಬಹುದು'. ಕೊನೆಯ ಪ್ಯಾರಾ ನೋಡಿ: "ತೊಂದರೆಗೊಳಗಾದವರು ಕಾನೂನು ಕ್ರಮ ಕೈಗೊಳ್ಳಬಹುದು. ಜೂಲ್ ಕಂಪನಿ ರೋಗಿಗಳಿಗೆ 43.85 ಕೋಟಿ ಡಾಲರ್ ಕೊಟ್ಟಿದೆ. ನಮ್ಮಲ್ಲೂ ಪರಿಹಾರ ಪಡೆಯಬಹುದು." ಆ ಹಣಕ್ಕೆ ಇ-ಸಿಗರೇಟು ಕಂಪನಿ ಜೂಲ್ ಒಪ್ಪಿದ್ದು 2022ರ ಸೆಪ್ಟೆಂಬರಿನಲ್ಲಿ, ರೋಗಿಗಳ ಜೊತೆಯಲ್ಲ, ಅಮೆರಿಕದ 33 ರಾಜ್ಯಗಳು ಮತ್ತು ಪೋರ್ಟೊ ರಿಕೊ ಜೊತೆ. ಅದು ಎಳೆಯರನ್ನು ಸೆಳೆಯುವಂತೆ ಜಾಹೀರಾತು ಮಾಡಿದ್ದಕ್ಕೆ. ಸೇದಿದವರು, ಅವರ ಮನೆಯವರು ಮೊದಲಾದವರು ಹಾಕಿದ 5,000ಕ್ಕೂ ಹೆಚ್ಚು ಕೇಸುಗಳ ರಾಜಿ ಆದದ್ದು ಅದೇ ವರ್ಷ ಡಿಸೆಂಬರಿನಲ್ಲಿ, ಬೇರೆಯಾಗಿ. ಇನ್ನು "ನಮ್ಮಲ್ಲೂ ಪಡೆಯಬಹುದು" ಅಂದಿರಲ್ಲ, ಯಾರಿಂದ? ಎಲ್ಲಿ? ಎಷ್ಟು ದಿನದೊಳಗೆ?

ನಾನು ಪತ್ರಿಕೆಯ ಡೆಸ್ಕಿಗೆ ಸೇರಿದ ಮೊದಲ ವರ್ಷ ಸೀಮೆಎಣ್ಣೆ ಸ್ಟೌ ಸಿಡಿದ ಸುದ್ದಿಯೊಂದರ ಕೊನೆಗೆ "ಪರಿಹಾರಕ್ಕೆ ಅರ್ಜಿ ಸಲ್ಲಿಸಬಹುದು" ಅಂತ ಸೇರಿಸಿದ್ದೆ. ನಾಲ್ಕು ದಿನ ಬಿಟ್ಟು ಒಬ್ಬ ಹೆಂಗಸು ಆಫೀಸಿಗೇ ಬಂದರು. ಸೆರಗಿನ ಗಂಟು ಬಿಚ್ಚಿ ಪತ್ರಿಕೆಯ ಆ ತುಂಡು ತೆಗೆದರು. ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿತ್ತು. "ಅರ್ಜಿ ಎಲ್ಲಿ ಕೊಡಬೇಕಪ್ಪಾ?" ಅಂದರು. ನನಗೆ ಗೊತ್ತಿರಲಿಲ್ಲ. ನಮ್ಮ ಹಿರಿಯರು ತಲೆ ಎತ್ತದೆ ಹೇಳಿದರು: "ಬರೆದವನು ನೀನೇ ತಾನೆ? ಇವರ ಜೊತೆ ಹೋಗಿ ತಿಳ್ಕೊಂಡು ಬಾ." ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಗ್ರಾಹಕರ ವೇದಿಕೆ ಹುಡುಕುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಅವರು ಆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಕೂತಿದ್ದರು. ಈಗಲೂ 'ಬಹುದು' ಕಂಡರೆ ನನ್ನ ಪೆನ್ನು ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಆ ಪ್ಯಾರಾ ತೆಗೆದು ಹೀಗೆ ಬರೆಯಿರಿ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯ್ದೆ ಬಂತು. ಮಾರಿದವನಿಗೆ ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಆದರೆ ಅದರಿಂದ ಆಸ್ಪತ್ರೆ ಬಿಲ್ಲು ತೀರಲ್ಲ. ಅದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೋಡಬೇಕು. ತಯಾರಿಸಿದವರು ಯಾರೆಂದೇ ಗೊತ್ತಾಗದಿದ್ದರೆ ಮಾರಿದವನನ್ನು ಹೊಣೆ ಮಾಡಲು 86ನೇ ಸೆಕ್ಷನ್ನಿನಲ್ಲಿ ದಾರಿ ಇದೆ. ದೂರನ್ನು ತೊಂದರೆಗೊಳಗಾದವರು ತಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು (ಈ 'ಬಹುದು'ಗೆ ವಿಳಾಸ ಇದೆ). ಕೇಸು ಸುಲಭವಲ್ಲ ಅಂತಲೂ ಬರೆಯಿರಿ. ಕದ್ದು ಮಾರುವವನು ಬಿಲ್ಲು ಕೊಡಲ್ಲ. ಕಾಯಿಲೆ ಅದರಿಂದಲೇ ಬಂತು ಅಂತ ವೈದ್ಯರ ದಾಖಲೆ ಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಲಿ.

ಇನ್ನೊಂದು. ನಿಮ್ಮ ಚಿಕ್ಕಮ್ಮನ ಮಗ ಆಸ್ಪತ್ರೆ ಸೇರಿದ್ದು ಯಾವ ತಿಂಗಳು ಅಂತ ನೀವು ಬರೆದೇ ಇಲ್ಲ. ದೂರು ಕೊಡಲು ಇರುವುದು 2 ವರ್ಷ. ಲೇಖನ ತಿದ್ದುವ ಮೊದಲು ಚಿಕ್ಕಮ್ಮನಿಗೆ ಫೋನ್ ಮಾಡಿ ತಾರೀಖು ಕೇಳಿ. ಡಿಸ್ಚಾರ್ಜ್ ಚೀಟಿ, ಪೆನ್ನಿಗೆ ದುಡ್ಡು ಕಳಿಸಿದ ಫೋನ್‌ಪೇ ದಾಖಲೆ ಎತ್ತಿಡಲು ಹೇಳಿ. ಆ ಪೆನ್ನು ಇನ್ನೂ ಮನೆಯಲ್ಲಿದ್ದರೆ, ವಕೀಲರನ್ನು ಕೇಳದೆ ಎಸೆಯಬೇಡಿ ಅನ್ನಿ.