ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಎರಡು ಲೀಟರಿಗೊಮ್ಮೆ ನಾಜಲ್ ತಾನಾಗಿ ನಿಲ್ಲುತ್ತದೆ. ಟ್ಯಾಂಕ್ ತುಂಬಿಸಲು ಅದನ್ನು ಹೇಗೆ ಹಿಡಿಯಬೇಕು?

ನಾಜಲ್ ಹಿಡಿಯುವ ಉಪಾಯವನ್ನು ನಾನು ಹೇಳಿಕೊಡುವುದಿಲ್ಲ. ಆ ಉಪಾಯ ನನಗೆ ಚೆನ್ನಾಗಿ ಗೊತ್ತು. ತಿಂಗಳುಗಟ್ಟಲೆ ಅದನ್ನೇ ನಂಬಿಕೊಂಡು ಕಾರು ಓಡಿಸಿದ್ದೇನೆ. 400 ರೂಪಾಯಿಯ ಪೈಪಿನಲ್ಲಿ ಮುಗಿಯಬೇಕಿದ್ದ ಕೆಲಸ 11,000 ರೂಪಾಯಿಗೆ ಏರಿದ್ದು ಆ ಉಪಾಯದಿಂದಲೇ.

ನಮ್ಮ ಮನೆ ಶಿರಸಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಪಕ್ಕದಲ್ಲಿದೆ. ಕೆಲಸದ ನಿಮಿತ್ತ ವಾರಕ್ಕೊಮ್ಮೆಯಾದರೂ ದೇವಿಮನೆ ಘಟ್ಟ ಇಳಿದು, ಕುಮಟಾ ದಾಟಿ ಕಾರವಾರಕ್ಕೆ ಹೋಗಿ ಬರುತ್ತೇನೆ. ಒಂದು ಮಳೆಗಾಲದಲ್ಲಿ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಲ್ಲಿಸಿದ್ದ ಕಾರಿನ ಅಡಿಗೆ ಇಲಿ ಸೇರಿ, ಹಿಂದಿನ ಚಕ್ರದ ಮೇಲ್ಭಾಗದಲ್ಲಿದ್ದ ಹೆಬ್ಬೆರಳು ಗಾತ್ರದ ರಬ್ಬರ್ ಪೈಪೊಂದನ್ನು ಕಡಿದು ಹಾಕಿತ್ತು. ಕಂಪನಿಯ ಪೈಪ್ ಬರಲು ನಾಲ್ಕು ದಿನ ಬೇಕೆಂದು ಗ್ಯಾರೇಜಿನವರು ಹೇಳಿದರು. ನನಗೆ ಮರುದಿನವೇ ಕಾರವಾರಕ್ಕೆ ಹೋಗಬೇಕಿತ್ತಾದ್ದರಿಂದ, ಅದೇ ಅಳತೆಯದೆಂದು ಕೈಗೆ ಸಿಕ್ಕಿದ ಬೇರೊಂದು ಪೈಪನ್ನು ಹಾಕಿಸಿಕೊಂಡು ಬಂದೆ. ಎರಡು ತಿಂಗಳ ನಂತರ ನೀವು ಹೇಳುವ ತೊಂದರೆಯೇ ಆರಂಭವಾಯಿತು: ನಾಜಲ್ ಒಳಗಿಟ್ಟು ಒತ್ತಿದರೆ ಎರಡು ಲೀಟರ್ ಹೋಗುವಷ್ಟರಲ್ಲಿ ಟಪ್ ಎಂದು ನಿಲ್ಲುವುದು, ಮತ್ತೆ ಒತ್ತಿದರೆ ಅರ್ಧ ಲೀಟರಿಗೇ ನಿಲ್ಲುವುದು.

ನಾನು ಮೊದಲು ಬಂಕಿನ ಮೇಲೆಯೇ ಸಂಶಯಪಟ್ಟೆ. ಆದರೆ ಶಿರಸಿ, ಕುಮಟಾ, ಕಾರವಾರ ಮೂರೂ ಕಡೆ ಹೀಗೆಯೇ ಆದಾಗ ದೋಷ ಕಾರಿನದೆಂದು ಒಪ್ಪಿಕೊಳ್ಳಬೇಕಾಯಿತು. ಅಷ್ಟರಲ್ಲಿ ಬಂಕಿನ ಹುಡುಗನೊಬ್ಬ ನನ್ನ ಮೇಲಿನ ಮರುಕದಿಂದ ಆ ಉಪಾಯ ತೋರಿಸಿಕೊಟ್ಟ. ನಾಜಲನ್ನು ಅರ್ಧ ಹೊರಗೆಳೆದು, ಪಕ್ಕಕ್ಕೆ ತಿರುಗಿಸಿ, ಟ್ರಿಗರನ್ನು ತೀರಾ ಹಗುರವಾಗಿ ಒತ್ತಿ ಹಿಡಿದರೆ ಪೆಟ್ರೋಲ್ ನೂಲಿನಂತೆ ಇಳಿಯುತ್ತದೆ. ಹತ್ತು ನಿಮಿಷ ಹಿಡಿದರೂ ಟ್ಯಾಂಕ್ ತುಂಬುತ್ತದೆ. ಸಮಸ್ಯೆ ಬಗೆಹರಿಯಿತೆಂದು ನಾನು ಸುಮ್ಮನಾದೆ. ನನ್ನ ತಪ್ಪು ಇದೇ. ನೀವೂ ಇದನ್ನೇ ಮಾಡಲು ಹೊರಟಿರುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ನಾಜಲಿನ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಹರಿಯುವಾಗ ಆ ತೂತಿನ ಮೂಲಕ ಗಾಳಿ ಒಳಗೆ ಎಳೆಯಲ್ಪಡುತ್ತಿರುತ್ತದೆ. ತೂತು ಪೆಟ್ರೋಲಿನಲ್ಲಿ ಮುಳುಗಿ ಗಾಳಿ ಸಿಗದಾದಾಗ ಒಳಗಿನ ಪೊರೆ ಎಳೆದುಕೊಂಡು ಕೊಂಡಿ ಕಳಚುತ್ತದೆ. ಆಟೋ ಕಟ್ ಎಂದರೆ ಇಷ್ಟೇ. ಟ್ಯಾಂಕ್ ತುಂಬಿದೆಯೋ ಇಲ್ಲವೋ ಅದಕ್ಕೆ ತಿಳಿಯದು, ಕುತ್ತಿಗೆಯವರೆಗೆ ಪೆಟ್ರೋಲ್ ಬಂದಿದೆ ಎಂಬುದಷ್ಟೇ ತಿಳಿಯುತ್ತದೆ. ಇನ್ನು, 30 ಲೀಟರ್ ಪೆಟ್ರೋಲ್ ಒಳಗೆ ಹೋಗಬೇಕಾದರೆ ಒಳಗಿನ 30 ಲೀಟರ್ ಗಾಳಿ ಮತ್ತು ಆವಿ ಹೊರಗೆ ಬರಲೇಬೇಕು. ಅದಕ್ಕಾಗಿ ಪೆಟ್ರೋಲ್ ಇಳಿಯುವ ದಪ್ಪ ಪೈಪಿನ ಪಕ್ಕದಲ್ಲೇ ತೆಳುವಾದ ಬ್ರೀದರ್ ಪೈಪ್ ಇರುತ್ತದೆ; ನನ್ನ ಕಾರಿನಲ್ಲಿ ಇಲಿ ಕಡಿದದ್ದು ಇದನ್ನೇ. ಅದು ಕಟ್ಟಿಕೊಂಡರೆ ಗಾಳಿ ದಪ್ಪ ಪೈಪಿನಿಂದಲೇ ಮೇಲೆ ನುಗ್ಗಿ, ಪೆಟ್ರೋಲನ್ನು ಕುತ್ತಿಗೆಗೆ ತಳ್ಳಿ, ನಾಜಲನ್ನು ನಿಲ್ಲಿಸುತ್ತದೆ.

ಬ್ರೀದರ್ ಪೈಪಿಗೆ ಇನ್ನೊಂದು ಕೆಲಸವೂ ಇದೆ. ಪೆಟ್ರೋಲ್ ಅದರ ಕೆಳಬಾಯಿಯ ಮಟ್ಟಕ್ಕೆ ಏರಿದಾಗ ಗಾಳಿ ಹೊರಹೋಗುವುದು ನಿಂತು ನಾಜಲ್ ಕಟ್ ಆಗುತ್ತದೆ. ಟ್ಯಾಂಕಿನ ನೆತ್ತಿಯಲ್ಲಿ ಸ್ವಲ್ಪ ಗಾಳಿ ಉಳಿಯುತ್ತದೆ. ಬಿಸಿಲಿಗೆ ಪೆಟ್ರೋಲ್ ಹಿಗ್ಗಲು ಬಿಟ್ಟಿರುವ ಜಾಗ ಅದು. ನೂಲಿನಂತೆ ತುಂಬಿಸಿದಾಗ ಆ ಜಾಗದ ಗಾಳಿಯೂ ಕ್ಯಾನಿಸ್ಟರಿಗೆ, ಅಂದರೆ ಪೆಟ್ರೋಲಿನ ಆವಿ ಹೀರುವ ಇದ್ದಿಲಿನ ಡಬ್ಬಿಗೆ, ಹೋಗುವ ಆವಿಯ ಕೊಳವೆಯಿಂದ ನಿಧಾನವಾಗಿ ಜಾರಿಹೋಗಿ, ಟ್ಯಾಂಕ್ ನೆತ್ತಿಯವರೆಗೆ ತುಂಬುತ್ತದೆ. ಆಟೋ ಕಟ್ ಸುಳ್ಳು ಹೇಳುತ್ತಿದೆ ಎಂದು ಒಮ್ಮೆ ತೀರ್ಮಾನಿಸಿದ ಮೇಲೆ, ಅದು ನಿಜ ಹೇಳಿದಾಗಲೂ ನಾನು ಕೇಳಲಿಲ್ಲ. ಕಟ್ ಆದಾಗಲೆಲ್ಲ ಮತ್ತೆ ಒತ್ತಿಸಿದೆ, ಮೊತ್ತ ರೌಂಡ್ ಫಿಗರ್ ಆಗಲೆಂದು ಇನ್ನಷ್ಟು ಒತ್ತಿಸಿದೆ.

ಒಂದು ದಿನ 35 ಲೀಟರಿನ ಟ್ಯಾಂಕಿಗೆ 37 ಲೀಟರ್ ಹಿಡಿಯಿತು. ಆಗಲಾದರೂ ನನಗೆ ಎಚ್ಚರವಾಗಬೇಕಿತ್ತು. ಅದರ ಬದಲು ನಾನು ಮೀಟರಿನ ಮೇಲೆ ಸಂಶಯಪಟ್ಟು, ಬಂಕುಗಳಲ್ಲಿ ಪರೀಕ್ಷೆಗೆಂದು ಇಟ್ಟಿರುವ ಮುದ್ರೆಯೊತ್ತಿದ 5 ಲೀಟರಿನ ಅಳತೆ ಪಾತ್ರೆ ತರಿಸಿ ಅಳೆಸಿದೆ. ಅಳತೆ ಸರಿಯಾಗಿಯೇ ಇತ್ತು. ಆ ಹೆಚ್ಚಿನ ಪೆಟ್ರೋಲ್ ಕೂತದ್ದು ಹಿಗ್ಗಲು ಬಿಟ್ಟ ಜಾಗದಲ್ಲಿ ಮತ್ತು ಕುತ್ತಿಗೆಯಲ್ಲಿ. ಬಂಕಿನವರನ್ನು ಅಂದು ವೃಥಾ ನೋಯಿಸಿದೆ ಎಂಬ ಬೇಸರ ನನಗೆ ಇಂದಿಗೂ ಇದೆ.

ಡಿಸೆಂಬರಿನ ಒಂದು ಬೆಳಿಗ್ಗೆ, ಶಿರಸಿಯ ಚಳಿಯಲ್ಲಿ ಹೀಗೆ ಕಂಠಪೂರ್ತಿ ತುಂಬಿಸಿಕೊಂಡು ಘಟ್ಟ ಇಳಿದೆ. ನೆಲದಡಿಯ ಟ್ಯಾಂಕಿನಿಂದ ತಣ್ಣಗೆ ಬಂದ ಪೆಟ್ರೋಲ್ ಕರಾವಳಿಯ ಬಿಸಿಲಿಗೆ ಹಿಗ್ಗದೆ ಇರುವುದಿಲ್ಲ. 37 ಲೀಟರ್ ಪೆಟ್ರೋಲ್ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 350 ಮಿಲಿಲೀಟರಿನಷ್ಟು ಹೆಚ್ಚುತ್ತದೆ. ಕುಮಟಾದಲ್ಲಿ ಒಂದು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ ಬಂದು ನೋಡಿದರೆ ಕಾರಿನೊಳಗೆಲ್ಲ ಪೆಟ್ರೋಲ್ ವಾಸನೆ. ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗಲಿಲ್ಲ. ಕೊನೆಗೆ ಹೇಗೋ ಹತ್ತಿಕೊಂಡರೂ ಎಂಜಿನ್ ನಡುಗುತ್ತಿತ್ತು, ಚೆಕ್ ಎಂಜಿನ್ ದೀಪ ಉರಿಯುತ್ತಿತ್ತು.

ಅಲ್ಲಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಟ್ಯಾಂಕಿನ ಪಕ್ಕದಲ್ಲಿದ್ದ ಕಪ್ಪು ಡಬ್ಬಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. “ಭಟ್ರೇ, ಇದು ಹಗುರ ಇರಬೇಕಾದ್ದು. ಒಳಗೆ ಇದ್ದಿಲು ಮಾತ್ರ ಇರೋದು. ಇದು ಆವಿ ಹೀರಲಿಕ್ಕೆ ಅಂತ ಇಟ್ಟದ್ದು, ಪೆಟ್ರೋಲ್ ಕುಡಿಯಲಿಕ್ಕೆ ಅಲ್ಲ” ಎಂದರು. ಅದು ನೀರು ತುಂಬಿದ ತಂಬಿಗೆಯಂತೆ ಭಾರವಾಗಿತ್ತು. ವಾಲಿಸಿದರೆ ಪೆಟ್ರೋಲ್ ಸುರಿಯಿತು. ಒಮ್ಮೆ ಹೀಗೆ ನೆನೆದ ಕ್ಯಾನಿಸ್ಟರನ್ನು ಬದಲಿಸಬೇಕಾಗುತ್ತದೆ. ಬಳಿಕ ಅವರು ಬ್ರೀದರ್ ಪೈಪನ್ನು ಕಳಚಿ ಚಾಕುವಿನಿಂದ ಉದ್ದಕ್ಕೆ ಸೀಳಿದರು. ಹೊರಗಿನಿಂದ ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲ, ಆದರೆ ಒಳಗಿನ ರಬ್ಬರ್ ನೆನೆಸಿದ ಕಡಲೆಯಂತೆ ಉಬ್ಬಿ ಮೆತ್ತಗಾಗಿ, ಒಂದು ಪೆನ್ಸಿಲ್ ತೂರದಷ್ಟು ಕಿರಿದಾಗಿತ್ತು. ಅದು ಪೆಟ್ರೋಲಿಗೆ ತಡೆಯುವ ರಬ್ಬರೇ ಆಗಿರಲಿಲ್ಲ.

ಆದ್ದರಿಂದ ನಾಜಲನ್ನು ಹೇಗೆ ಹಿಡಿಯಬೇಕೆಂದು ಕೇಳುವುದನ್ನು ಬಿಟ್ಟು, ಗಾಳಿ ಎಲ್ಲಿ ಕಟ್ಟಿಕೊಂಡಿದೆ ಎಂದು ಹುಡುಕಿಸಿ. ಬೇರೆ ಎರಡು ಬಂಕಿನಲ್ಲಿ ಒಮ್ಮೊಮ್ಮೆ ಹಾಕಿಸಿ ನೋಡಿ. ಅಲ್ಲಿ ಸರಿಯಾಗಿ ಹೋದರೆ ಮೊದಲಿನ ಬಂಕಿನ ನಾಜಲಿನದೇ ದೋಷ, ನೀವು ಏನೂ ಮಾಡಬೇಕಾಗಿಲ್ಲ. ಎಲ್ಲ ಕಡೆಯೂ ನಿಂತರೆ, ಈ ತೊಂದರೆ ಶುರುವಾಗುವುದಕ್ಕೆ ಮೊದಲು ಟ್ಯಾಂಕಿನ ಸುತ್ತ ಏನಾದರೂ ರಿಪೇರಿ ಆಗಿತ್ತೇ, ಇಲಿ ಕಡಿದಿತ್ತೇ, ಕಾರಿನ ಹಿಂಭಾಗಕ್ಕೆ ಪೆಟ್ಟು ಬಿದ್ದಿತ್ತೇ ಎಂದು ನೆನಪಿಸಿಕೊಳ್ಳಿ. ಪೆಟ್ರೋಲ್ ಕಡಿಮೆ ಇರುವಾಗ ಗ್ಯಾರೇಜಿಗೆ ಒಯ್ದು, ಪೆಟ್ರೋಲ್ ಮುಚ್ಚಳವಿರುವ ಬದಿಯ ಹಿಂದಿನ ಚಕ್ರದ ಒಳಗಿನ ಪ್ಲಾಸ್ಟಿಕ್ ಮರೆ ಬಿಚ್ಚಿಸಿ, ಎರಡೂ ಪೈಪುಗಳನ್ನು ನಿಮ್ಮ ಕಣ್ಣೆದುರೇ ನೋಡಿಸಿ. ತೆಳು ಪೈಪ್ ಮಡಿಚಿಕೊಂಡಿರಬಹುದು, ಚಪ್ಪಟೆಯಾಗಿರಬಹುದು, ನನ್ನದರಂತೆ ಒಳಗೇ ಉಬ್ಬಿರಬಹುದು. ಪೈಪುಗಳು ಸರಿಯಿದ್ದರೆ ಮಾತ್ರ ಕ್ಯಾನಿಸ್ಟರ್ ಮತ್ತು ಅದರ ಕೊಳವೆಗಳ ಕಡೆ ಹೋಗಿ. ಟ್ಯಾಂಕನ್ನೇ ಇಳಿಸಬೇಕೆಂದು ಯಾರಾದರೂ ಮೊದಲ ದಿನವೇ ಹೇಳಿದರೆ ಒಪ್ಪಬೇಡಿ. ಬಾಯಿಯಿಂದ ಊದಿ ನೋಡುವುದಾಗಲಿ, ಕಂಪ್ರೆಸರಿನ ಗಾಳಿಯನ್ನು ಟ್ಯಾಂಕಿನ ಒಳಗೆ ಬಿಡುವುದಾಗಲಿ ಬೇಡವೇ ಬೇಡ.

ಅಲ್ಲಿಯವರೆಗೆ ಒಮ್ಮೆಗೆ 10 ಲೀಟರಿಗಿಂತ ಹೆಚ್ಚು ಹಾಕಿಸಬೇಡಿ, ಟ್ಯಾಂಕ್ ಅರ್ಧ ದಾಟದಂತೆ ನೋಡಿಕೊಳ್ಳಿ. ಹೊಸ ಪೈಪ್ ತರಲು ನಾಲ್ಕು ದಿನವಾಗುತ್ತದೆಂದರೆ ನಾಲ್ಕು ದಿನ ಕಾಯಿರಿ. ನಿಮ್ಮ ಕಾರಿನ ಮಾದರಿಗೆ ಕಂಪನಿ ಕೊಡುವ ಪೈಪನ್ನೇ ಹಾಕಿಸಿ, ಹಾಕಿದ ಮೇಲೆ ಅದು ಎಲ್ಲಿಯೂ ಮಡಿಚಿಕೊಂಡಿಲ್ಲವೆಂದು ಕೈಯಾಡಿಸಿ ನೋಡಿ.